ಬ್ಯಾಗಿನೊಳಗಿನ ಖಾರದ ಡಬ್ಬಿ

ಅಕ್ಕನ ಮಗಳು ಆನ್‌ಲೈನಿನಲ್ಲಿ ತರಿಸಿದ್ದ ಪಾರ್ಸೆಲ್ ಬಿಚ್ಚಿದ ಕೂಡಲೇ ಖಾರದ ಘಾಟು ಮೂಗಿಗೆ ಹೊಡೆಯಿತು. ಪೆಪ್ಪರ್ ಸ್ಪ್ರೇ. ಡಬ್ಬಿ ದಾರಿಯಲ್ಲೇ ಸ್ವಲ್ಪ ಸೋರಿತ್ತು. ಅವಳು ಕೆಮ್ಮುತ್ತಾ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಭರಮಸಾಗರದಿಂದ ದುರ್ಗಕ್ಕೆ ಹೋಗುತ್ತಿದ್ದ ಆ ಬೆಳಗಿನ ಬಸ್ಸು ನೆನಪಾಯಿತು... ಅದರ ಕಂಡಕ್ಟರ್ ಅಕ್ಕ ನೆನಪಾದರು.

ನಾನಾಗ ಡಿಗ್ರಿ ಮೊದಲ ವರ್ಷ. ಟೈ ಕಟ್ಟಿಕೊಂಡ ಒಬ್ಬ ಕಾಲೇಜಿಗೆ ಬಂದು, ಹುಡುಗಿಯರನ್ನಷ್ಟೇ ಸಭಾಂಗಣದಲ್ಲಿ ಕೂರಿಸಿ, 'ಧೈರ್ಯ ನಿಮ್ಮ ಬ್ಯಾಗಿನಲ್ಲೇ ಇರಲಿ' ಎಂದು ಭಾಷಣ ಬಿಗಿದು ಇಂಥವೇ ಡಬ್ಬಿ ಮಾರಿ ಹೋಗಿದ್ದ. ನಾನೂ ಒಂದು ಕೊಂಡಿದ್ದೆ. ಆ ಹೊತ್ತಿನಲ್ಲಿ ಹುಡುಗರು ಹೊರಗೆ ಕ್ರಿಕೆಟ್ ಆಡುತ್ತಿದ್ದರು. ಅವರಿಗೆ ಹೇಳುವುದೇನೂ ಇರಲಿಲ್ಲವಂತೆ!

ಬಸ್ಸಿನಲ್ಲಿ ಒಬ್ಬ ದಿನಾ ನನ್ನ ಬೆನ್ನಿಗೇ ಬಂದು ನಿಲ್ಲುತ್ತಿದ್ದ. ಮನೆಯಲ್ಲಿ ಹೇಳುವಂತಿರಲಿಲ್ಲ. ಹೇಳಿದರೆ ಅವನು ಬಸ್ಸು ಬಿಡುವುದಿಲ್ಲ, ನಾನು ಕಾಲೇಜು ಬಿಡಬೇಕು. ಅಪ್ಪನ ನ್ಯಾಯ ಗೊತ್ತಿದ್ದದ್ದೇ. ಅವತ್ತು ಅವನ ಕೈ ಸೊಂಟಕ್ಕೆ ಬಂತು. ಕಣ್ಣು ಮುಚ್ಚಿ ಡಬ್ಬಿ ಒತ್ತಿಬಿಟ್ಟೆ.

ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಖಾರಕ್ಕೆ ಅವನು ಯಾರು, ನಾನು ಯಾರು? ಕೂಸುಗಳು ಕಿರುಚಿದವು, ಮುದುಕರು ಉಸಿರಿಗೆ ಒದ್ದಾಡಿದರು, ನನ್ನ ಕಣ್ಣೂ ಉರಿದುಹೋಯಿತು. ಅವನು ಎಲ್ಲರ ಜೊತೆ ಕೆಮ್ಮುತ್ತಾ ಸಾಚಾ ಆಗಿಬಿಟ್ಟ. ಬೈಗುಳವೆಲ್ಲ ನನಗೆ. ನಮ್ಮೂರಿನ ಹಿರಿಯರೊಬ್ಬರು, "ಇರು, ನಿಮ್ಮಪ್ಪಂಗೆ ಹೇಳ್ತೀನಿ" ಎಂದರು. ಮುಗಿಯಿತು ಓದು ಅಂದುಕೊಂಡೆ.

ಸೀಟಿ ಕೇಳಿಸಿತು. ಬಸ್ಸು ನಿಂತಿತು. ಕಂಡಕ್ಟರ್ ಅಕ್ಕ ಜನರನ್ನು ಸರಿಸಿಕೊಂಡು ಬಂದು ತಮ್ಮ ಬಾಟಲಿಯ ನೀರನ್ನು ನನ್ನ ಮುಖಕ್ಕೆ ಹಾಕಿದರು. "ಯಾವನವ್ವ ಅವ್ನು?" ಎಂದು ಕೇಳಿದರು. ಬೆರಳು ತೋರಿಸಿದೆ.

"ಇಳಿಯಲೇ."

ಅವನು ಟಿಕೆಟ್ ತೋರಿಸಿದ. ಅಕ್ಕ ಜನರ ಕಡೆ ತಿರುಗಿದರು. "ಇವ್ನು ಇಳಿಯೋ ತನಕ ಬಸ್ ಹೋಗಲ್ಲ. ಯಾರಿಗೆ ಲೇಟಾಗ್ತೈತೋ ಅವ್ರೇ ಇಳಿಸ್ರಿ."

ಅವನು ಅಕ್ಕನನ್ನೇ ದುರುಗುಟ್ಟಿ ನೋಡುತ್ತಿದ್ದ. ಯಾರೂ ಮಾತಾಡದಿದ್ದರೆ... ಕೊನೆಗೆ ಹಿಂದಿನ ಸೀಟಿನ ಮುದುಕಿಯೊಬ್ಬಳು, "ಇಳಿಯೋ ಮೂದೇವಿ" ಎಂದಳು. ಆಮೇಲೆ ಎಲ್ಲರಿಗೂ ಬಾಯಿ ಬಂತು. ಅವನು ಇಳಿದ.

ಅಕ್ಕ ಡಬ್ಬಿ ತಿರುಗಿಸಿ ನೋಡಿದರು. ಮೇಲೆ ಬೆದರಿದ ಹುಡುಗಿಯೊಬ್ಬಳ ಚಿತ್ರವಿತ್ತು. "ಹೆಣ್ಮಗಳ ಚಿತ್ರ ಹಾಕವ್ರೆ. ತಪ್ಪು ಮಾಡೋನ ಚಿತ್ರ ಎಲ್ಲೈತೆ?" ಎಂದರು. ಆಮೇಲೆ ನಮ್ಮೂರಿನ ಆ ಹಿರಿಯರನ್ನು ನೋಡಿ, "ಯಜಮಾನ್ರೇ, ಇವ್ರಪ್ಪಂಗೆ ಹೇಳಾಕೆ ಹೋಗೋವಾಗ ನನ್ನೂ ಕರೀರಿ, ನಾನೂ ಬರ್ತೀನಿ" ಎಂದರು. ಅವರು ಕಿಟಕಿಯ ಆಚೆ ನೋಡತೊಡಗಿದರು. ಅಪ್ಪನಿಗೆ ಸುದ್ದಿ ಮುಟ್ಟಲೇ ಇಲ್ಲ. ನಾನು ಡಿಗ್ರಿ ಮುಗಿಸಿದೆ.

ಮುಂದೆ ಅಕ್ಕನಿಗೆ ಹಿರಿಯೂರಿನ ಕಡೆ ವರ್ಗವಾಯಿತು. ಹೋದ ವರ್ಷ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದೆ. ತೀರಿಕೊಂಡು ಬಹಳ ದಿನವಾಯಿತು ಎಂದರು... ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಈ ಡಬ್ಬಿಯ ಮೇಲೂ ಹುಡುಗಿಯದೇ ಚಿತ್ರ. ಈ ಚಿತ್ರದವಳು ನಗುತ್ತಿದ್ದಾಳೆ, ಅಷ್ಟೇ ಸುಧಾರಣೆ. ಕಸಕ್ಕೆ ಎಸೆಯಬೇಕೆಂದು ಕೈಗೆತ್ತಿಕೊಂಡೆ.

"ಅದೂ ಬ್ಯಾಡ ಅಂದ್ರೆ ಬಸ್ನಾಗೆ ನಾನೇನು ಮಾಡ್ಲಿ ಚಿಕ್ಕಮ್ಮ?" ಎಂದಳು ಹುಡುಗಿ.

ಅವಳ ಬಸ್ಸಿನಲ್ಲಿ ಆ ಕಂಡಕ್ಟರ್ ಅಕ್ಕ ಇಲ್ಲವಲ್ಲ. ಸೋರಿದ್ದನ್ನು ಒರೆಸಿ, ಡಬ್ಬಿಯನ್ನು ಅವಳ ಬ್ಯಾಗಿನೊಳಗೆ ನಾನೇ ಇಟ್ಟೆ.