ಎಳೆದುಕೊಂಡ ಗಾಳಿ

ಆಸ್ಪತ್ರೆಯ ಎರಡನೆಯ ಮಹಡಿಯ ತುದಿಯಲ್ಲಿ ಉಸಿರಿನ ಪರೀಕ್ಷೆಯ ಕೋಣೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿರುವವಳನ್ನು ಇಡೀ ಮಹಡಿ ಊದಮ್ಮ ಎಂದೇ ಕರೆಯುತ್ತದೆ. ನೆಲ ಒರೆಸುವ ಆಯಾ ಇಟ್ಟ ಹೆಸರು ಅದು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಆ ಬಾಗಿಲ ಸಂದಿಯಿಂದ ಬರುವುದು ಒಂದೇ ಕೂಗು: "ಊದಿ, ಊದಿ, ಊದಿ, ಇನ್ನೂ ಇದೆ ಒಳಗೆ, ಬಿಡಬೇಡಿ, ಊದಿ..." ರೋಗಿಯ ಜೊತೆ ತಾನೂ ಕೆನ್ನೆ ಉಬ್ಬಿಸಿ, ಕತ್ತಿನ ನರ ಸೆಟೆಸಿ, ಅವರ ಎದೆಯ ಗಾಳಿಯನ್ನು ತನ್ನ ಕೈಯಲ್ಲೇ ಹಿಂಡಿ ತೆಗೆಯುವವಳ ಹಾಗೆ ಮುಷ್ಟಿ ಬಿಗಿಯುತ್ತಾಳೆ.

"ಇವಳನ್ನ ಹೆರಿಗೆ ವಾರ್ಡಿಗೆ ಹಾಕಬೇಕಿತ್ತು, ದಾರಿ ತಪ್ಪಿ ಇಲ್ಲಿಗೆ ಬಂದಿದಾಳೆ" ಎಂದು ಆಯಾ ಆಡಿಕೊಳ್ಳುತ್ತಾಳೆ.

ಕೋಣೆಯೊಳಗೆ ಇನ್ನೊಂದು ಗಾಜಿನ ಗೂಡು. ಅದರಲ್ಲಿ ಒಂದು ಕುರ್ಚಿ, ಯಂತ್ರದಿಂದ ಚಾಚಿಕೊಂಡ ನಳಿಗೆ, ಅದರ ತುದಿಗೆ ಪ್ರತಿಯೊಬ್ಬರಿಗೂ ಹೊಸದಾಗಿ ಸಿಕ್ಕಿಸುವ ರಟ್ಟಿನ ಕೊಳವೆ. ರೋಗಿಯ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಲ್ಲಿ ಕೊಳವೆ ಹಿಡಿಸಿ, ಉಸಿರು ಎಳೆಸಿ ಊದಿಸಿದರೆ ಹೊರಗಿನ ಪರದೆಯ ಮೇಲೆ ಒಂದು ಗೆರೆ ಏಳುತ್ತದೆ, ಇಳಿಯುತ್ತದೆ. ಶ್ವಾಸಕೋಶ ಎಷ್ಟು ಗಾಳಿ ಹಿಡಿಯುತ್ತದೆ, ಹಿಡಿದ ಗಾಳಿಯಿಂದ ರಕ್ತಕ್ಕೆ ಎಷ್ಟು ದಾಟುತ್ತದೆ ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ಗೆರೆ ಏಳುವ ಮೊದಲೇ, ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲುವುದನ್ನು ನೋಡಿಯೇ ಊದಮ್ಮನಿಗೆ ಅರ್ಧ ಗೊತ್ತಾಗಿರುತ್ತದೆ. ಅವಳ ಅಕ್ಕನೂ ಹಾಗೇ ನಿಲ್ಲುತ್ತಿದ್ದಳು.

ಅಕ್ಕ ಸತ್ತು ಒಂಬತ್ತು ವರ್ಷ. ಅಂದಿನಿಂದ ಆ ಕೋಣೆಯಲ್ಲಿ ಊದಮ್ಮ ಒಬ್ಬಳೇ ಇದ್ದದ್ದೇ ಇಲ್ಲ. ರೋಗಿಗಳು ಹೋಗಿ, ಫ್ಯಾನು ನಿಲ್ಲಿಸಿ, ಯಂತ್ರ ಆರಿಸಿದ ಮೇಲೂ ಗಾಜಿನ ಗೂಡಿನಿಂದ ಒಂದು ಉಸಿರು ಕೇಳುತ್ತದೆ. ಚಿಕ್ಕದು, ಅವಸರದ್ದು, ಯಾರಿಗೂ ತೊಂದರೆ ಆಗಬಾರದೆಂದು ಮೆಲ್ಲಗೆ ಆಡುವಂಥದ್ದು. ಅವಳು ಹೆದರುವುದಿಲ್ಲ. ಗೂಡಿನ ಬಾಗಿಲು ತೆಗೆದಿಟ್ಟು ಮನೆಗೆ ಹೋಗುತ್ತಾಳೆ.

ಅಕ್ಕನ ಪರೀಕ್ಷೆಗಳನ್ನೆಲ್ಲ ಮಾಡಿದವಳು ತಂಗಿಯೇ. ಮೂರು ವರ್ಷ, ಹನ್ನೊಂದು ಸಲ. ಪ್ರತಿ ಸಲವೂ ಗೆರೆ ಹಿಂದಿನದಕ್ಕಿಂತ ಗಿಡ್ಡ. ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿನಿಂದ ಕೀಳುವಾಗ ಚರ್ರೆಂದು ಸದ್ದಾಗುತ್ತದಲ್ಲ, ಒಳಗೆ ಗಾಯವಾಗಿ ಗಟ್ಟಿಯಾದ ಶ್ವಾಸಕೋಶ ಗಾಳಿ ಎಳೆದಾಗ ಬೆನ್ನಿಗೆ ಕಿವಿಗೊಟ್ಟರೆ ಅದೇ ಸದ್ದು. ಅಕ್ಕನ ಬೆನ್ನಿನಲ್ಲಿ ಅದನ್ನು ಕೇಳಿದ ದಿನದಿಂದ ಊದಮ್ಮ ಆ ಪಟ್ಟಿಯನ್ನು ಆದಷ್ಟು ನಿಧಾನವಾಗಿ ಬಿಚ್ಚುತ್ತಾಳೆ.

ಕಾಯಿಲೆಗೆ ಕಾರಣ ತಿಳಿಯಲಿಲ್ಲ. ವರದಿಯಲ್ಲಿ ಹಾಗೆಂದೇ ಬರೆದರು. ಉಸಿರಿನಲ್ಲಿ ಏನೋ ಹೋಗುತ್ತಿದ್ದಿರಬೇಕು, ಏನು ಎಂದು ಗೊತ್ತಾಗಲಿಲ್ಲ ಎಂದರು. ಪರೀಕ್ಷೆಯ ಹಾಳೆಯ ಮೇಲ್ಭಾಗದಲ್ಲಿ "ಕೆಲಸ" ಎಂಬ ಜಾಗ ಇರುತ್ತದೆ. ಹನ್ನೊಂದು ಹಾಳೆಯಲ್ಲೂ ಅಲ್ಲಿ ತಂಗಿಯ ಕೈಬರಹ: "ಇಲ್ಲ. ಮನೆಯಲ್ಲೇ ಇರುತ್ತಾರೆ." ಕೊನೆಯ ತಿಂಗಳುಗಳಲ್ಲಿ ಮನೆಗೆ ಆಮ್ಲಜನಕದ ಯಂತ್ರ ಬಂತು. ನಳಿಗೆ ಮಂಚದಿಂದ ಆಚೆಗೆ ತಲುಪುತ್ತಿರಲಿಲ್ಲ. ಭಾವ ಹುಡುಕಿಕೊಂಡು ಹೋಗಿ ಉದ್ದದ ನಳಿಗೆ ತಂದ. ಒಲೆಯ ಹತ್ತಿರ ಹೋಗುವ ಹಾಗಿಲ್ಲ, ಬೆಂಕಿ ಹತ್ತಿಕೊಳ್ಳುತ್ತದೆ. ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಹೋಗಬಹುದು. ಅಳತೆ ನೋಡಿ ಅಲ್ಲಿಗೆ ಸರಿಯಾಗಿ ತಂದಿದ್ದ. ಎಂಥಾ ಕಾಳಜಿಯ ಗಂಡ ಎಂದರು ನೆಂಟರು. ಊದಮ್ಮನೂ ಅಂದಿದ್ದಳು.

ಆ ಮಂಗಳವಾರ ಬಂದವಳು ಬ್ಯಾಂಡ್ ಮಾಸ್ತರನ ಹೆಂಡತಿ. ಮೂವತ್ತೆಂಟು ವರ್ಷ. ಎರಡು ವರ್ಷದಿಂದ ಒಣಕೆಮ್ಮು, ಸಂಜೆಯಾದರೆ ಮೈ ಬೆಚ್ಚಗೆ, ನಾಲ್ಕು ಹೆಜ್ಜೆಗೆ ಏದುಸಿರು. ಒಬ್ಬರು ಆಸ್ತಮಾ ಎಂದು ಪಂಪು ಕೊಟ್ಟಿದ್ದರು, ಇನ್ನೊಬ್ಬರು ನರದೌರ್ಬಲ್ಯ ಎಂದು ಟಾನಿಕ್ಕು. ಈ ಆಸ್ಪತ್ರೆಯ ಶ್ವಾಸಕೋಶದ ಡಾಕ್ಟರು ಸ್ಕ್ಯಾನು ನೋಡಿ ತಲೆಯಾಡಿಸಿದ್ದರು: ಅಪರೂಪದ್ದು, ಉಸಿರಿನ ಜೊತೆ ಒಳಗೆ ಹೋಗುವ ಯಾವುದೋ ಒಂದಕ್ಕೆ ಶ್ವಾಸಕೋಶವೇ ಮುನಿದು ಊದಿಕೊಳ್ಳುತ್ತಿದೆ. ಕಾರಣ ಸಿಕ್ಕಿ ಅದರಿಂದ ದೂರ ಇಟ್ಟರೆ ಉಳಿದದ್ದು ಉಳಿಯುತ್ತದೆ. ಸಿಗದಿದ್ದರೆ ಊದಿದ್ದು ಕಲೆಗಟ್ಟುತ್ತದೆ, ಕಲೆಗಟ್ಟಿದ್ದು ಮತ್ತೆ ಶ್ವಾಸಕೋಶ ಆಗುವುದಿಲ್ಲ. ಮನೆಯಲ್ಲಿ ಪಾರಿವಾಳ ಇದೆಯೇ, ಗೋಡೆಗೆ ಬೂಷ್ಟು ಬಂದಿದೆಯೇ, ಹಕ್ಕಿಗರಿಯ ದಿಂಬು ಇದೆಯೇ ಎಂದು ಪಟ್ಟಿ ಹಿಡಿದು ಕೇಳಿದ್ದರು. ಎಲ್ಲಕ್ಕೂ ಉತ್ತರ ಕೊಟ್ಟವನು ಮಾಸ್ತರ. ಊದುವ ವಾದ್ಯ ನುಡಿಸುತ್ತಾರೆಯೇ ಎಂದಾಗ ಅವನಿಗೆ ನಗು ಬಂದಿತ್ತು.

"ಅವಳೆಲ್ಲಿ ಸಾರ್, ಸಂಗೀತದ ಗಾಳಿನೂ ಸೋಕಿಲ್ಲ ಅವಳಿಗೆ. ಊದೋನು ನಾನು."

ಊದುವವನು ಗುಂಡುಕಲ್ಲಿನ ಹಾಗೆ ಎದುರಿಗೇ ಕೂತಿದ್ದ. ಡಾಕ್ಟರು ಮುಂದಿನ ಪ್ರಶ್ನೆಗೆ ಹೋಗಿದ್ದರು. ಶುಕ್ರವಾರ ಎದೆಗೆ ತೂತು ಮಾಡಿ ಶ್ವಾಸಕೋಶದ ಚೂರು ತೆಗೆದು ನೋಡುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಈ ಪರೀಕ್ಷೆ.

ಅವಳು ಬಾಗಿಲಲ್ಲಿ ಚಪ್ಪಲಿ ಸರಿಮಾಡಿಕೊಂಡಳು. ಊದಮ್ಮನ ಬೆನ್ನ ಹಿಂದೆ ಗಾಜಿನ ಗೂಡಿನಲ್ಲಿ ಆ ಚಿಕ್ಕ ಉಸಿರು ಎದ್ದಿತು.

"ಬಾಮ್ಮ, ಕೂತ್ಕೋ. ಅವಸರ ಇಲ್ಲ" ಎಂದಳು ಊದಮ್ಮ, ಯಾರಿಗೆ ಹೇಳಿದೆ ಎಂದು ತನಗೇ ತಿಳಿಯದೆ. ಮಾಸ್ತರನೂ ಒಳಗೆ ಬರಲು ಹೊರಟ. "ನೀವು ಹೊರಗೆ ಬೆಂಚಿನ ಮೇಲೆ ಇರಿ. ಇಲ್ಲಿ ಒಬ್ಬರಿಗೆ ಸಾಕಾಗೋ ಅಷ್ಟೇ ಗಾಳಿ ಇರೋದು."

ಕೊಳವೆ ಬಾಯಿಗಿಟ್ಟುಕೊಳ್ಳಲು ಯಾರಿಗೂ ಮೊದಲ ಸಲ ಬರುವುದಿಲ್ಲ. ತುಟಿಯ ಅಂಚಿನಿಂದ ಗಾಳಿ ಸೋರುತ್ತದೆ, ಕೆಲವರು ಕಚ್ಚುತ್ತಾರೆ, ಕೆಲವರು ನಾಲಿಗೆ ಅಡ್ಡ ಇಡುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಊದಮ್ಮ ನೋಡದ ಬಾಯಿಲ್ಲ. ಈ ಹೆಂಗಸು ಕೊಳವೆಯನ್ನು ಎರಡು ಬೆರಳಲ್ಲಿ ಹಗುರಾಗಿ ಹಿಡಿದು, ಕೆಳತುಟಿಯನ್ನು ಹಲ್ಲಿನ ಮೇಲೆ ಒಂಚೂರು ಮಡಿಸಿ, ಎರಡೂ ಅಂಚು ಬಿಗಿದು ಹಿಡಿದಳು. ಒಂದು ಎಳೆ ಗಾಳಿಯೂ ಸೋರಲಿಲ್ಲ. ಊದು ಎನ್ನುವ ಮೊದಲೇ ತನ್ನ ಪಾಡಿಗೆ ಕೊಳವೆಯಿಂದ ಗಾಳಿ ಎಳೆದಳು. ಆಮೇಲೆ ಊದಿ, ಊದಿ ಎಂದು ಊದಮ್ಮ ಎಷ್ಟು ಕೂಗಿದರೂ ಅವಳದ್ದು ಸದ್ದೇ ಇಲ್ಲದ ಊದು, ಮಲಗಿಸಿದ ಮಗುವಿನ ಪಕ್ಕದಲ್ಲಿ ಊದಿದ ಹಾಗೆ. ಗೆರೆ ಅರ್ಧಕ್ಕೇ ಬಿತ್ತು.

"ಎಲ್ಲಿ ಕಲಿತೆ ಇದನ್ನ?"

"ಯಾವುದನ್ನ ಅಕ್ಕಾ?"

"ಬಾಯಿ ಹಿಡಿಯೋದನ್ನ. ನೀನೂ ಊದ್ತೀಯಾ ಬ್ಯಾಂಡಲ್ಲಿ?"

"ಅಯ್ಯೋ, ಇಲ್ಲಪ್ಪ. ಅವರು ಊದೋದು." ಕೆಮ್ಮು ಬಂತು. ಕೆಮ್ಮಿ ಮುಗಿಸಿ, ತಪ್ಪು ಮಾಡಿದವಳ ಹಾಗೆ ಬಾಗಿಲ ಕಡೆ ನೋಡಿದಳು.

ಊದಮ್ಮ ಹಾಳೆ ನೋಡಿದಳು. ಕೆಲಸ ಎಂಬ ಜಾಗದಲ್ಲಿ ಕೆಳಗಿನ ಮಹಡಿಯವರು ಗೆರೆ ಎಳೆದು ಕಳಿಸಿದ್ದರು. ಬರೀ ಒಂದು ಗೆರೆ. ಗೂಡಿನೊಳಗಿನ ಉಸಿರು ಈಗ ತೀರಾ ಹತ್ತಿರ, ಭುಜದ ಮೇಲೆ ಬಂದು ಕೂತಂತೆ.

ಅವಳು ಸ್ಟೂಲು ಎಳೆದು ಹೆಂಗಸಿನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು. "ನೋಡು, ನಾನು ಡಾಕ್ಟರಲ್ಲ. ಬೆಳಿಗ್ಗೆ ಎದ್ದಾಗಿಂದ ನಿನ್ನ ಕೈ ಏನೇನು ಮಾಡುತ್ತೆ, ಒಂದೂ ಬಿಡದೆ ಹೇಳು. ಚಿಕ್ಕದು ಅಂತ ಬಿಡಬೇಡ."

"ಏನಿರುತ್ತೆ ಅಕ್ಕಾ, ಮನೇಲೇ ಇರ್ತೀನಿ."

"ಗೊತ್ತು. ಮನೇಲಿ ಎದ್ದು ಏನ್ ಮಾಡ್ತೀಯಾ?"

ಹೇಳತೊಡಗಿದಳು, ಮಧ್ಯೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತ. ಐದಕ್ಕೆ ಏಳುವುದು. ನೀರು ತುಂಬುವುದು. ಮಗಳನ್ನು ಎಬ್ಬಿಸುವುದು, ಡಬ್ಬಿ ಕಟ್ಟುವುದು. ಬಟ್ಟೆ. ನೆಲ. ಬ್ಯಾಂಡಿನ ಅಂಗಿಗಳು ಐದು, ಎಲ್ಲರದ್ದೂ ಇಲ್ಲಿಗೇ ಬರುತ್ತವೆ, ಗಂಜಿ ಹಾಕಿ ಇಸ್ತ್ರಿ. ಗುಂಡಿ ಹೊಲಿಯುವುದು.

"ಆಮೇಲೆ?"

"ಆಮೇಲೆ ಅಡುಗೆ. ಅವರು ಏಳೋದು ಹನ್ನೊಂದಕ್ಕೆ. ಅಷ್ಟರೊಳಗೆ ವಾದ್ಯ ತೊಳೆದಿಡಬೇಕು."

"ಯಾರ ವಾದ್ಯ?"

"ಎಲ್ಲರದ್ದೂ. ಏಳು ವಾದ್ಯ ಇದಾವೆ. ಕ್ಲಾರಿನೆಟ್ಟು, ಸ್ಯಾಕ್ಸೊಫೋನು, ತುತ್ತೂರಿಗಳು. ಕಾರ್ಯಕ್ರಮ ಮುಗಿಸಿ ಬಂದು ಹಾಗೇ ಚೀಲಕ್ಕೆ ತುರುಕಿ ಮಂಚದ ಕೆಳಗೆ ತಳ್ಳಿಬಿಡ್ತಾರೆ. ಎಂಜಲು ಒಳಗೇ ಒಣಗಿರುತ್ತೆ. ಬೂದಿ ಥರ ಹಸಿರುಹಸಿರಾಗಿ ಕಟ್ಟಿಕೊಂಡಿರುತ್ತೆ. ಬ್ರಷ್ಷು ಹಾಕಿ ಉಜ್ಜಿ, ಕೊಡವಿ, ಒಳಗಿಂದ ಬಟ್ಟೆ ಕಟ್ಟಿದ ದಾರ ಎಳೀಬೇಕು."

"ತೂತು ಬಿಟ್ಟುಕೊಂಡಿದೆಯೋ ಇಲ್ವೋ ಅಂತ ಹೇಗೆ ನೋಡ್ತೀಯಾ?"

"ಬಾಯಿಗಿಟ್ಟು."

"ಊದ್ತೀಯಾ?"

"ಊದಿದ್ರೆ ಒಂದೊಂದ್ಸಲ ಕೂಗಿಬಿಡುತ್ತೆ ಅಕ್ಕಾ. ಅವರು ಅಲ್ಲೇ ಮಲಗಿರ್ತಾರೆ, ನಿದ್ದೆ ಕೆಡುತ್ತೆ." ಅವಳ ಮುಖದಲ್ಲಿ ಒಂದು ಜಾಣತನದ ನಗು ಬಂದು ಹೋಯಿತು, ಇಷ್ಟು ವರ್ಷ ಯಾರೂ ಕೇಳದಿದ್ದ ಉಪಾಯ ಅದು. "ಅದಕ್ಕೆ ನಾನು ಎಳೀತೀನಿ. ಎಳೆದ್ರೆ ಸದ್ದಾಗಲ್ಲ."

ಮದುವೆಯಾದಾಗಿನಿಂದ ಹದಿನಾರು ವರ್ಷ, ದಿನಕ್ಕೆ ಏಳು ವಾದ್ಯ. ಗಂಡನ ನಿದ್ದೆ ಕೆಡದಿರಲೆಂದು ಅವನ ಎಂಜಲಿನಲ್ಲಿ ಬೆಳೆದ ಬೂಷ್ಟನ್ನೆಲ್ಲ ತನ್ನ ಎದೆಯೊಳಗೆ ಎಳೆದುಕೊಂಡಿದ್ದಳು. ಅವನು ಊದಿ ಹೊರಗೆ ಹಾಕುತ್ತಿದ್ದ, ಇವಳು ಒಳಗೆ ತೆಗೆದುಕೊಳ್ಳುತ್ತಿದ್ದಳು. ಪಟ್ಟಿಯಲ್ಲಿದ್ದ ಪ್ರಶ್ನೆ ನುಡಿಸುವವರದ್ದು. ತೊಳೆಯುವವರದ್ದು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಊದಮ್ಮ ಕೆಲಸದ ಜಾಗದಲ್ಲಿದ್ದ ಗೆರೆಯ ಮೇಲೆ ಬರೆದಳು, ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋಯಿತು. ಬರೆಯುತ್ತ ಬರೆಯುತ್ತ, ಅಕ್ಕನ ಹೆಸರಿನಲ್ಲಿ ಇಷ್ಟೇ ಬರೆಯಬೇಕೆಂದರೆ ತನಗೆ ಏನು ಗೊತ್ತಿದೆ ಎಂದು ಯೋಚಿಸಿದಳು. ಅಕ್ಕ ಐದಕ್ಕೆ ಏಳುತ್ತಿದ್ದಳು. ನೀರು ತುಂಬುತ್ತಿದ್ದಳು. ಅಷ್ಟೇ. ಎಂಟು ಗಂಟೆಯ ಅಕ್ಕ, ಹತ್ತು ಗಂಟೆಯ ಅಕ್ಕ ಏನು ಉಜ್ಜುತ್ತಿದ್ದಳು, ಏನು ಕೊಡವುತ್ತಿದ್ದಳು, ಯಾವ ಮೂಲೆಯಲ್ಲಿ ಬಗ್ಗುತ್ತಿದ್ದಳು, ಒಂದೂ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಸ್ಟೂಲು ಇದೇ ಕೋಣೆಯಲ್ಲಿತ್ತು.

ಹಾಳೆಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು. ಶುಕ್ರವಾರದ ಕೆಲಸ ಮುಂದಕ್ಕೆ ಹೋಯಿತು. ವಾದ್ಯದ ಚೀಲಗಳನ್ನು ತರಿಸಿ ಒಳಗಿನ ಹಸಿರನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರು, ಪರೀಕ್ಷೆಯಲ್ಲಿ ಅವಳ ರಕ್ತ ಅದಕ್ಕೆ ಸಿಡಿದೆದ್ದಿತು. ಬೇರೆ ಅನುಮಾನ ಉಳಿಯಲಿಲ್ಲ. ವಾದ್ಯಗಳು ಮನೆಯಿಂದ ಹೊರಗಿರಬೇಕು, ಅವಳು ಮುಟ್ಟಲೇಬಾರದು, ಜೊತೆಗೆ ಆರು ತಿಂಗಳು ಮಾತ್ರೆ.

ಮಾಸ್ತರ ಎಲ್ಲ ಕೇಳಿಸಿಕೊಂಡ. ಕೆಟ್ಟವನೇನಲ್ಲ, ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಕೇಳಿದ: "ಹಾಗಾದ್ರೆ ಯಾರು ತೊಳೀಬೇಕು ಸಾರ್?"

ಡಾಕ್ಟರು ಔಷಧದ ಚೀಟಿ ಬರೆಯುತ್ತಿದ್ದರು. ಅವರಿಗೆ ಕೇಳಿಸಲಿಲ್ಲ.

ನಾಲ್ಕು ತಿಂಗಳ ಮೇಲೆ ಅವಳು ಮತ್ತೆ ಬಂದಳು. ಮಾತ್ರೆಯಿಂದ ಮುಖ ದುಂಡಗಾಗಿತ್ತು. ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಊದಮ್ಮ ಕೂಗಿದಳು, ಅವಳು ಊದಿದಳು. ಗೆರೆ ಏರಿತು, ಹಿಂದಿನದನ್ನು ದಾಟಿತು, ಆಮೇಲೆ ಒಂದು ಕಡೆ ನಿಂತುಬಿಟ್ಟಿತು. ಮೂರು ಸಲ ಮಾಡಿಸಿದರೂ ಅಲ್ಲೇ.

"ಎಷ್ಟು ಬಂತು ಅಕ್ಕಾ?"

"ಮುಕ್ಕಾಲು."

"ಉಳಿದದ್ದು?"

ಊದಮ್ಮ ಸುಳ್ಳು ಹೇಳಲಿಲ್ಲ. "ಅದು ಬರಲ್ಲಮ್ಮ. ಕಲೆಗಟ್ಟಿದೆ. ಇರೋದನ್ನ ಕಾಪಾಡ್ಕೋಬೇಕು."

"ಸಾಕು ಬಿಡಿ. ಮೆಟ್ಟಿಲು ಹತ್ತಿದೆನಲ್ಲ."

"ವಾದ್ಯ ಎಲ್ಲಿಟ್ಟಿದೀರಾ?"

"ಮಹಡಿ ಮೇಲೆ, ಶೆಡ್ಡಲ್ಲಿ. ನಾನು ಆ ಕಡೆ ತಲೆನೂ ಹಾಕಲ್ಲ."

"ಯಾರು ತೊಳೀತಾರೆ ಈಗ?"

"ಮಗಳು" ಎಂದಳು ಹೆಂಗಸು, ಹೆಮ್ಮೆಯಿಂದ. "ಹದಿನಾಲ್ಕು ಅವಳಿಗೆ. ಶಾಲೆಗೆ ಹೋಗೋ ಮೊದಲೇ ಮುಗಿಸಿಬಿಡ್ತಾಳೆ. ನನಗಿಂತ ಚುರುಕು. ನಾನೇ ಹೇಳಿಕೊಟ್ಟೆ, ಹೇಗೆ..."

ಮಾತು ಅಲ್ಲಿಗೇ ನಿಂತಿತು.

ಹೆಂಗಸು ಮೂಗಿನ ಕ್ಲಿಪ್ಪನ್ನು ಮೇಜಿನ ಮೇಲಿಟ್ಟು ಎದ್ದಳು. ಕೋಣೆ ದಾಟಿ, ಬಾಗಿಲು ತೆಗೆದು, ಬೆಂಚಿನ ಮೇಲೆ ಕೂತಿದ್ದ ಗಂಡನ ಮುಂದೆ ಹೋಗಿ ನಿಂತಳು.

"ನಾಳೆಯಿಂದ ಮಗು ಅದನ್ನ ಮುಟ್ಟೋ ಹಾಗಿಲ್ಲ" ಎಂದಳು. ದನಿ ಮಹಡಿಯ ಈ ತುದಿಯಿಂದ ಆ ತುದಿಗೆ ಹೋಯಿತು. "ನಿಮ್ಮ ಎಂಜಲು ನೀವು ತೊಳ್ಕೊಳ್ಳಿ, ಆ ನಾಲ್ಕು ಜನರದ್ದು ಆ ನಾಲ್ಕು ಜನ ತೊಳ್ಕೊಳ್ಳಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಿಸಿಲಲ್ಲಿ ಕೂತು ತೊಳೀರಿ, ಆಗಲ್ಲ ಅಂದ್ರೆ ಬ್ಯಾಂಡು ಮುಚ್ಚಿ, ನನ್ನದು ಹೋದದ್ದು ಹೋಯಿತು, ಅವಳ ಎದೆಗೆ ಒಂದು ಚೂರು..."

ಅಲ್ಲಿಗೆ ಉಸಿರು ಮುಗಿಯಿತು.

ಗೋಡೆಗೆ ಕೈಕೊಟ್ಟು ನಿಂತಳು. ಮಾಸ್ತರ ಏಳಹೋದವನು ಹಾಗೇ ಕೂತ. ಆಯಾ ನೆಲ ಒರೆಸುವುದನ್ನು ನಿಲ್ಲಿಸಿ ಕೋಲಿಗೆ ಒರಗಿದಳು. ಸಾಲಿನಲ್ಲಿ ಕಾಯುತ್ತಿದ್ದ ಏದುಸಿರಿನವರೆಲ್ಲ ತಮ್ಮ ತಮ್ಮ ಕೆಮ್ಮು ತಡೆದುಕೊಂಡರು. ಊದಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಪಕ್ಕದಲ್ಲಿ ಇನ್ನೊಬ್ಬರು ಬಂದು ನಿಂತಂತಿತ್ತು, ಅವಳು ತಿರುಗಿ ನೋಡಲಿಲ್ಲ.

ಮಾಸ್ತರನ ಹೆಂಡತಿ ಬಾಯಿ ತೆರೆದು, ಎಲ್ಲರಿಗೂ ಕೇಳುವ ಹಾಗೆ, ಸದ್ದು ಮಾಡಿಕೊಂಡೇ ಗಾಳಿ ಎಳೆದುಕೊಂಡಳು. ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು.