ರೇವಣಪ್ಪನವರ ನಾನೂರು

ನಾಸಿಕದ ರವಿವಾರ ಕಾರಂಜಾದಿಂದ ಸಾತಪುರದ ಕಾರ್ಖಾನೆಗಳವರೆಗೆ, ಕನ್ನಡದ ಮನೆಗಳಿರುವಲ್ಲೆಲ್ಲ ಒಂದು ಕುತ್ತಿಗೆಯ ಮಹಿಮೆ ಹಬ್ಬಿದೆ. ಅದು ಬಾಗುವ ಬಗೆಯನ್ನು ಕಂಡವರು ಕಾಣದವರಿಗೆ ಹೇಳಿ, ಕಾಣದವರು ಕಂಡವರಿಗಿಂತ ಸೊಗಸಾಗಿ ಹೇಳಿ, ಈಗ ಕಥೆ ಪುರಾಣದ ಹದಕ್ಕೆ ಬಂದಿದೆ. ತೊಗರಿಬೇಳೆಯ ಸಗಟು ವ್ಯಾಪಾರಿ ರೇವಣಪ್ಪನವರ ಕುತ್ತಿಗೆ ಅದು. ಪಾರಿವಾಳ ರೆಕ್ಕೆ ಬಡಿದರೆ ಬಾಗುತ್ತದೆ. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ಬಾಗುತ್ತದೆ. ಮದುವೆಯಲ್ಲಿ ಅಕ್ಷತೆ ಬೀಳುವಾಗ ವಧೂವರರಿಗಿಂತ ಮೊದಲು ರೇವಣಪ್ಪನವರ ತಲೆ ತಗ್ಗಿರುತ್ತದೆ. ಒಂದು ಬಸವ ಜಯಂತಿಯ ಸಭೆಯಲ್ಲಿ ಮೈಕು ಕೀಂ ಎಂದು ಚೀರಿದಾಗ ಜನರೆಲ್ಲ ಕಿವಿ ಮುಚ್ಚಿಕೊಂಡರು. ಇವರೊಬ್ಬರೇ ಸೊಂಟದಿಂದ ಬಾಗಿ ನಿಂತರು. ವೇದಿಕೆಯ ಮೇಲಿದ್ದ ಸ್ವಾಮಿಗಳು ಅದನ್ನು ನೋಡಿಬಿಟ್ಟರು. ಉಳ್ಳವರ ವಿನಯ ಎಂಬ ವಿಷಯದ ಮೇಲೆ ಅಂದಿನ ಪ್ರವಚನ ಅರ್ಧ ಗಂಟೆ ಬೆಳೆಯಿತು. ಅಂದಿನಿಂದ ತಾಯಂದಿರು ತಮ್ಮ ಮಕ್ಕಳಿಗೆ ರೇವಣಪ್ಪನವರನ್ನು ಬೆರಳು ಮಾಡಿ ತೋರಿಸುತ್ತಾರೆ.

ನಿಜ ಸಂಗತಿ ಇಷ್ಟೇ. ವಾರಕ್ಕೊಮ್ಮೆ, ಭಾನುವಾರದ ದಿನ, ಸಿನ್ನರ್ ಆಚೆಯ ಒಂದು ಬೋಳು ಗುಡ್ಡದ ನೆತ್ತಿಯ ಮೇಲೆ, ಇಂಜಿನ್ನಿಲ್ಲದ ಒಂದು ವಿಮಾನ ರೇವಣಪ್ಪನವರ ತಲೆಯ ಪಕ್ಕದಿಂದ ರೈಲಿಗಿಂತ ಜೋರಾಗಿ ಹಾದುಹೋಗುತ್ತದೆ. ಅದನ್ನು ಹಾಗೆ ಹಾಯಿಸುವವರು ಸ್ವತಃ ರೇವಣಪ್ಪನವರೇ, ಕೈಯಲ್ಲಿನ ರಿಮೋಟಿನಿಂದ. ಕುತ್ತಿಗೆ ಅಲ್ಲಿ ಕಲಿತ ಪಾಠವನ್ನು ಎಲ್ಲ ಕಡೆ ಒಪ್ಪಿಸುತ್ತದೆ. ಅದಕ್ಕೆ ಐತವಾರ ಯಾವುದು, ಮಂಗಳವಾರ ಯಾವುದು ಎಂಬ ಜ್ಞಾನವಿಲ್ಲ.

ಬೀದರ ಜಿಲ್ಲೆಯ ಭಾಲ್ಕಿಯಿಂದ ಬಂದು ಸಾತಪುರದ ಕ್ಯಾಂಟೀನುಗಳಿಗೆಲ್ಲ ಬೇಳೆ ತಿನ್ನಿಸಿದ ಮನುಷ್ಯನಿಗೆ ಈ ಹುಚ್ಚು ಹತ್ತಿಸಿದವರು ರಘೋತ್ತಮರಾಯರು. ಧಾರವಾಡದವರು, ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೇಳೆ ಒಯ್ಯಲು ಬಂದಾಗಲೆಲ್ಲ ಅಂಗಡಿಯ ಗಾದಿಯ ಮೇಲೆ ಕೂತು ಗಾಳಿಯ ವಿಷಯ ತೆಗೆಯುವುದು ಅವರ ಚಾಳಿ. ಕೇಳಿಸಿಕೊಳ್ಳುವವರು ಮನೆಯಲ್ಲಿ ಮುಗಿದುಹೋಗಿದ್ದರು.

"ಡೈನಮಿಕ್ ಸೋರಿಂಗ್ ಅಂತ ಅದಕ್ಕ ಹೆಸರು," ಎಂದರು ರಾಯರು ಒಂದು ದಿನ. "ನೋಡ್ರಿ, ಗುಡ್ಡದ ನೆತ್ತಿ ಮ್ಯಾಲೆ ಗಾಳಿ ಜೋರ ಓಡತಿರತದ. ಗುಡ್ಡದ ಬೆನ್ನಿಗೆ, ಮರೆಯೊಳಗ, ಗಾಳಿನ ಇಲ್ಲ. ಇವೆರಡರ ನಡುವ ಒಂದು ಗೆರಿ ಅದ ಅಂತ ತಿಳೀರಿ. ಗ್ಲೈಡರ್ ಗೋಲಾಕಾರ ಸುತ್ತಿಕೋತ ಆ ಗೆರಿ ದಾಟಿದಾಗೊಮ್ಮೆ ಅದರ ವೇಗ…"

"ಕಲಬುರ್ಗಿ ತೊಗರಿ ನಾಸಿಕಕ್ಕ ತಂದಂಗ," ಎಂದರು ರೇವಣಪ್ಪ.

"ಆಂ?"

"ಎರಡೂ ಕಡಿ ಧಾರಣಿ ಬ್ಯಾರೆ ಬ್ಯಾರೆ ಇದ್ದಾಗ, ನಡುವ ಓಡ್ಯಾಡವನಿಗಿ ಲಾಭ. ಹೋಗುವಾಗ ಒಂದೀಟು, ಬರುವಾಗ ಒಂದೀಟು. ಹೌದಿಲ್ರಿ?"

ರಾಯರು ಬೇಳೆಯ ಚೀಲವನ್ನು ಕೆಳಗಿಟ್ಟರು. "ಹೌದ್ರಿ."

"ಬಾಡಿಗಿ?"

"ಗಾಳಿಗೆ ಯಾತರ ಬಾಡಿಗಿ?"

"ಡೀಸೆಲ್?"

"ಇಂಜಿನ್ನ ಇಲ್ಲಲ್ರಿ."

ಖರ್ಚಿಲ್ಲದೆ ಲಾಭ ಬರುವ ದಂಧೆಯೊಂದು ಭೂಮಿಯ ಮೇಲಿದ್ದೂ ಭಾಲ್ಕಿಯ ಒಬ್ಬನಿಗಾದರೂ ಇಲ್ಲಿಯವರೆಗೆ ಗೊತ್ತಾಗಲಿಲ್ಲವಲ್ಲ ಎಂಬುದು ರೇವಣಪ್ಪನವರಿಗೆ ಅವಮಾನವೆನಿಸಿತು. ಮರುವಾರವೇ ಗೋದಾಮಿನ ಮೂಲೆಯಲ್ಲಿ ಅಚ್ಚು ಎದ್ದಿತು. ಅಚ್ಚಿನಲ್ಲಿ ಗಾಜಿನ ನಾರಿನ ಬಟ್ಟೆ ಹಾಸಿ, ಅಂಟು ಸುರಿದು, ರೆಕ್ಕೆ ಎರಕ ಹೊಯ್ದರು. ವಿಮಾನ ಭಾರವಿದ್ದಷ್ಟೂ ವೇಗ ಹೆಚ್ಚು ಎಂದು ರಾಯರು ಹೇಳಿದಾಗ, ಅದರ ಹೊಟ್ಟೆಗೆ ಸೀಸ ತುಂಬಿ ಬೇಳೆಯ ತಕ್ಕಡಿಯಲ್ಲಿ ತೂಗಿದರು. ರೆಕ್ಕೆಯ ಮೇಲೆ ಅಂಗಡಿಯ ಹೆಸರು, ಫೋನ್ ನಂಬರು, ಕೆಳಗೆ 'ಸಗಟು ಮತ್ತು ಚಿಲ್ಲರೆ' ಎಂದೂ ಬರೆಸಿದರು. ಆ ವೇಗದಲ್ಲಿ ಅದನ್ನು ಓದಿ ಫೋನ್ ಮಾಡಿದ ಗಿರಾಕಿ ಇಂದಿಗೂ ಯಾರೂ ಇಲ್ಲ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಐತವಾರ, ವಿಮಾನ ಗರಗರನೆ ಸುತ್ತುತ್ತಿದ್ದಾಗ, ಒಂದು ರೆಕ್ಕೆ ತನ್ನ ದಾರಿ ತಾನು ಹಿಡಿಯಿತು. ಉಳಿದ ಮೈ ನೆಟ್ಟಗೆ ಕೆಳಗೆ ಬಂದು, ಅಂಗಡಿಯದೇ ವ್ಯಾನಿನ ಬಾಗಿಲನ್ನು ತೂರಿ, ಡ್ರೈವರ್ ಸೀಟಿನ ಬೆನ್ನಿನಲ್ಲಿ ನಾಟಿಕೊಂಡಿತು. ಸೀಟಿನಲ್ಲಿ ಯಾರೂ ಇರಲಿಲ್ಲ. ರೇವಣಪ್ಪನವರು ವ್ಯಾನನ್ನು ಹಾಗೆಯೇ ಮನೆಗೆ ತಂದರು. ಹೆಂಡತಿ ಕಾಶಿಬಾಯಿ ಹೊರಗೆ ಬಂದು, ಬಾಗಿಲ ತೂತಿನಲ್ಲಿ ಮುಷ್ಟಿ ಹಾಕಿ, ಒಳಗಿನಿಂದ ಬೆರಳು ಆಡಿಸಿ ತೋರಿಸಿದರು.

"ಇವತ್ತಿಗಿ ಸಾಕ್ರಿ."

"ಹಂಗ ಒಮ್ಮಿಗೇ ಅಂದ್ರ ಹ್ಯಾಂಗ? ಒಂದು ಮಟ್ಟಕ್ಕ ಮುಟ್ಟಿಸಿ ಬಿಡ್ತೀನಿ."

"ಯಾ ಮಟ್ಟ?"

ಕಾಶಿಬಾಯಿ ಅಡತಿ ವ್ಯಾಪಾರಿಯ ಮಗಳು. ಅವರ ತವರಿನಲ್ಲಿ ಮಾಲಿನ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸುತ್ತಿದ್ದರು. ಅವರು ಗಂಡನ ಹೆಗಲ ಮೇಲಿನ ಟವೆಲ್ ಎಳೆದು ಇಬ್ಬರ ಕೈಗಳ ಮೇಲೆ ಹೊದಿಸಿದರು. ಮೊದಲು ಅವರು ಮೂರು ಬೆರಳು ಒತ್ತಿದರು: ತಾಸಿಗೆ ಮುನ್ನೂರು ಕಿಲೋಮೀಟರು ಆದ ದಿನ ಈ ಆಟ ಬಂದ್. ರೇವಣಪ್ಪನವರು ಐದನ್ನೂ ಕೊಟ್ಟರು. ಕಾಶಿಬಾಯಿ ಒಂದು ಬೆರಳನ್ನು ಮಡಿಚಿ ವಾಪಸು ಕೊಟ್ಟರು. ಟವೆಲಿನ ಕೆಳಗೆ ತುಸು ಎಳೆದಾಟವಾಯಿತು. ನಾಲ್ಕಕ್ಕೆ, ಅಂದರೆ ನಾನೂರಕ್ಕೆ, ವ್ಯಾಪಾರ ಕುದುರಿತು. ರೇವಣಪ್ಪನವರು ಕೊರಳ ಲಿಂಗ ಮುಟ್ಟಿ ಮಾತು ಕೊಟ್ಟರು.

ಕೊಟ್ಟು, ಅಂಗಡಿಯ ಕಡೆ ತಿರುಗಿ, ಮೀಸೆಯೊಳಗೆ ನಕ್ಕರು. ಆಗ ಅವರ ವಿಮಾನದ ವೇಗ ಇನ್ನೂರಾ ಎಪ್ಪತ್ತು ದಾಟಿರಲಿಲ್ಲ. ಗಿರಾಕಿ ಎಂದೂ ಮುಟ್ಟಲಾರದ ದರ ಹೇಳಿ ಮಾಲನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಹಳೆಯ ವಿದ್ಯೆ. ಹೆಂಡತಿಗೂ ಸಮಾಧಾನ, ತಮಗೂ ಸಾಯುವತನಕ ಗುಡ್ಡ.

ಆದರೆ ಪೇಟೆ ಏರುತ್ತದೆ ಎಂಬುದನ್ನು ಆ ವ್ಯಾಪಾರಿ ಮರೆತರು. ಗಾಜಿನ ನಾರಿನ ಬದಲು ಕಾರ್ಬನ್ ನಾರು ಬಂತು. ರೆಕ್ಕೆ ಗಟ್ಟಿಯಾಯಿತು, ಕೈ ಪಳಗಿತು. ವೇಗ ಮುನ್ನೂರು ದಾಟಿತು. ಮುನ್ನೂರೈವತ್ತಾಯಿತು. ಹೆದ್ದಾರಿಯ ಪೊಲೀಸರು ಹಿಡಿದು ನಿಲ್ಲುವಂಥ ಸ್ಪೀಡ್ ಗನ್ ಒಂದನ್ನು ರಾಯರು ತರಿಸಿದ್ದರು. ಅದರಲ್ಲಿ ಅಂಕಿ ನೋಡಿ ಕೂಗುವಾಗ ಅವರ ದನಿ ಹರೆಯಕ್ಕೆ ಮರಳುತ್ತಿತ್ತು. ಮುನ್ನೂರಾ ತೊಂಬತ್ತು ಎಂದು ಕೂಗಿದ ದಿನ ಮಾತ್ರ ರೇವಣಪ್ಪನವರು ವಿಮಾನವನ್ನು ಅವಸರದಿಂದ ಇಳಿಸಿಬಿಟ್ಟರು. ಮಾಡಿದ ಕರಾರು ಎದುರಿಗೆ ಬಂದು ನಿಂತಿತ್ತು.

ಅಲ್ಲಿಂದ ವಿಮಾನ ಮುಂದಕ್ಕೆ ಹೋಗಲಿಲ್ಲ. ಪ್ರತಿ ಐತವಾರ ತೊಂಬತ್ತರ ಆಸುಪಾಸಿಗೆ ಬರುವುದು, ಥಟ್ಟನೆ ಮೂತಿ ಎತ್ತಿ ಆಕಾಶಕ್ಕೆ ಏರಿ ವೇಗ ಕಳೆದುಕೊಂಡು ಇಳಿಯುವುದು. ಒಮ್ಮೆ ಬ್ಯಾಟರಿ ಸೋತಿತು. ಒಮ್ಮೆ ಕಣ್ಣಲ್ಲಿ ನೀರು ಬಂತು. ಒಮ್ಮೆ ಕೆಳಗೆ ಎಮ್ಮೆ ಮೇಯುತ್ತಿತ್ತು, ಅದರ ಜೀವ ದೊಡ್ಡದಲ್ಲವೆ?

"ಎಮ್ಮಿ ಅರ್ಧಾ ಮೈಲ ದೂರ ಅದರೀ!" ಎಂದು ರಾಯರು ಹಣೆ ಬಡಿದುಕೊಂಡರು. ಕರಾರಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಕಾಶಿಬಾಯಿಯ ಪ್ರಶ್ನೆಯೂ ತಪ್ಪಲಿಲ್ಲ. "ನಾನೂರು ಆತೇನ್ರಿ?"

"ಎಲ್ಲಿ? ಗಾಳಿನೇ ಬರವಲ್ದು."

ಹೀಗೆ ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ. ಅಷ್ಟರಲ್ಲಿ ಛತ್ರಪತಿ ಸಂಭಾಜಿನಗರದಿಂದ ರವಿಕಾಂತ ಬಂದ. ಮೂಲ ಬೀದರ ಕಡೆಯವ. ಹುಟ್ಟಿ ಬೆಳೆದದ್ದು ಸಂಭಾಜಿನಗರದಲ್ಲಿಯೇ, ಬ್ಯಾಂಕಿನ ನೌಕರ. ತಮ್ಮೂರಿನ ಗುಡ್ಡಗಳಲ್ಲಿ ಗ್ಲೈಡರ್ ಸುತ್ತಿಸಿ ಹೆಸರು ಮಾಡಿದ್ದ. ಮಳೆ ಬಿಡುವು ಕೊಟ್ಟ ಜುಲೈ ತಿಂಗಳ ಒಂದು ಐತವಾರ, ಪಡುವಣ ಗಾಳಿ ಮುಖಕ್ಕೆ ಹೊಡೆಯುವಂತೆ ಬೀಸುತ್ತಿದ್ದಾಗ, ಅವನು ಸಿನ್ನರ್ ಗುಡ್ಡ ಏರಿದ. ವಿದೇಶದಿಂದ ತರಿಸಿದ ವಿಮಾನ ಮೆತ್ತನೆಯ ಪೆಟ್ಟಿಗೆಯೊಳಗೆ ಮದುಮಗಳ ಸೀರೆಯಂತೆ ಮಲಗಿತ್ತು.

ಅದೇ ದಿನ ಕಾಶಿಬಾಯಿಯೂ ಗುಡ್ಡ ಏರಿದರು. ಮೊದಲ ಸಲ. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಚೀಲ. ಚೀಲದಲ್ಲಿ ತೆಂಗಿನಕಾಯಿ, ಕುಂಕುಮ, ಕರ್ಪೂರ, ಒಂದು ಹೊಸ ಶಾಲು.

"ಇದೆಲ್ಲ ಯಾಕ?" ಎಂದರು ರೇವಣಪ್ಪ, ದನಿ ತಗ್ಗಿಸಿ.

"ಇವತ್ತ ಗಾಳಿ ಅದಲ್ರಿ? ನಾನೂರು ಮಾಡ್ರಿ. ಕಾಯಿ ಒಡದು, ನಿಮಗ ಶಾಲ ಹೊದಸಿ, ಮರ್ಯಾದಿಲೆ ಮುಗಸೂಣು. ಮುಂದಿನ ಐತ್ವಾರದಿಂದ ಪಂಚವಟಿ ಸತ್ಸಂಗಕ್ಕ ಇಬ್ಬರ ಹೆಸರೂ ಬರಸೀನಿ. ಮಧ್ಯಾನ ಎರಡರಿಂದ ಆರು."

"ಆರು?"

"ಪ್ರಸಾದ ಹಿಡದು ಏಳು."

ರವಿಕಾಂತನ ಸರದಿ ಮೊದಲು. ಗುಡ್ಡದ ಎದೆಯ ಕಡೆಗೆ ವಿಮಾನವನ್ನು ಎಸೆದು, ಎತ್ತರಕ್ಕೆ ಒಯ್ದು, ಬೆನ್ನಿನ ಮರೆಗೆ ಧುಮುಕಿಸಿದ. ಸುತ್ತು ಸುತ್ತಿಗೂ ವೇಗ ಏರಿತು. ಮೊದಲು ಸೀಟಿಯಂತಿದ್ದ ಸದ್ದು, ಆಮೇಲೆ ಹೊಸ ಸೀರೆ ಹರಿದಂತಾಯಿತು. "ಮುನ್ನೂರಾ ಎಂಬತ್ತು! ತೊಂಬತ್ತೆರಡು! ತೊಂಬತ್ತೇಳು!" ಎಂದು ರಾಯರು ಕೂಗಿದರು. ಅಲ್ಲಿಗೆ ರೆಕ್ಕೆ ನಡುಗಿತು. ರವಿಕಾಂತ ಜಾಣ, ಇಳಿಸಿಬಿಟ್ಟ.

"ಚಲಾ ಕಾಕಾ," ಎಂದ ನಗುತ್ತ. "ನಿಮ್ಮ ಬೇಳಿ ವಿಮಾನ ತಗೀರಿ. ಕುಕ್ಕರನ್ಯಾಗ ಎಷ್ಟ ಸೀಟಿ ಆಗತದ ನೋಡೂಣ."

ಕಾಶಿಬಾಯಿಗೆ ಸಿಟ್ಟು ಬಂತು. ವಿಮಾನವನ್ನು ಬೈಯುವ ಹಕ್ಕು ಆ ಮನೆಯಲ್ಲಿ ಅವರೊಬ್ಬರದು. "ಏ ತಮ್ಮಾ, ತಡಿ ನೀ. ರೀ, ಹೊಡೀರಿ! ಇವನ ಬಾಯಿ ಮುಚ್ಚಲಿ!"

ರೇವಣಪ್ಪನವರು ನೆತ್ತಿಯ ಮೇಲೆ ಕಾಲೂರಿ ನಿಂತರು. ಹಿಂದೆ ರಾಯರು, ಮಾನದ ಪ್ರಶ್ನೆ ಎನ್ನುತ್ತಿದ್ದರು. ಪಕ್ಕದಲ್ಲಿ ರವಿಕಾಂತ, ಸೋತರೂ ಸರಿ, ನಾನೂರು ಕಣ್ಣಾರೆ ನೋಡಬೇಕೆನ್ನುತ್ತಿದ್ದ. ಬಂಡೆಯ ಮರೆಯಲ್ಲಿ ಕಾಶಿಬಾಯಿ ಒಂದಾದ ಮೇಲೊಂದು ಕಡ್ಡಿ ಗೀರುತ್ತಿದ್ದರು. ಆ ಗಾಳಿಗೆ ಕರ್ಪೂರ ಹತ್ತುತ್ತಿರಲಿಲ್ಲ. ನಾನೂರು ಬೇಡವಾಗಿದ್ದ ಮನುಷ್ಯ ಆ ಗುಡ್ಡದ ಮೇಲೆ ಒಬ್ಬರೇ ಇದ್ದರು, ರಿಮೋಟು ಅವರ ಕೈಯಲ್ಲೇ ಇತ್ತು.

ವಿಮಾನ ಹೋಯಿತು. ಮೊದಲ ಸುತ್ತಿನಲ್ಲೇ ಅವರಿಗೆ ತಿಳಿಯಿತು, ಇಂಥ ಗಾಳಿ ಮತ್ತೆ ಸಿಗುವಂಥದ್ದಲ್ಲ. ಮೇಲಿನ ಗಾಳಿಗೆ ಹೊಕ್ಕಾಗೊಮ್ಮೆ, ಕೆಳಗಿನ ಮರೆಗೆ ಬಿದ್ದಾಗೊಮ್ಮೆ ಅದು ಕೊಸರು ಹಾಕಿಸಿಕೊಂಡು ಬರುತ್ತಿತ್ತು. ರೆಕ್ಕೆ ಎಲ್ಲಿಯೂ ನಡುಗಲಿಲ್ಲ. ಬೆರಳಿಗೆ ಏನೂ ಹೇಳಬೇಕಾಗಿರಲಿಲ್ಲ.

"ಮುನ್ನೂರಾ ಐವತ್ತು! ಎಪ್ಪತ್ತೆಂಟು! ಎಂಬತ್ತೊಂಬತ್ತು!" ರಾಯರ ದನಿ ಒಡೆಯಿತು. "ತೊಂಬತ್ನಾಕು! ರೇವಣಪ್ಪನವರ, ಬಿಡಬ್ಯಾಡ್ರಿ! ತೊಂಬತ್ತಾರು! ಇನ್ನೊಂದ ಸುತ್ತು! ಒಂದ!"

ಕಾಶಿಬಾಯಿ ತೆಂಗಿನಕಾಯಿಯನ್ನು ಬಂಡೆಯ ಮೇಲೆ ಎತ್ತಿ ಹಿಡಿದರು.

ವಿಮಾನ ಮರೆಯಿಂದ ಎದ್ದು ಬಂತು. ಮತ್ತೆ ಸುತ್ತಿಗೆ ತಿರುಗಬೇಕಾದಲ್ಲಿ ತಿರುಗಲಿಲ್ಲ. ನೆಟ್ಟಗೆ ಮೇಲಕ್ಕೆ, ಮೋಡದ ಹೊಟ್ಟೆಯವರೆಗೆ ಹೋಗಿ, ಅಲ್ಲಿ ದಣಿದು, ನಿಧಾನಕ್ಕೆ ಇಳಿದು ಬಂದು ಹುಲ್ಲಿನ ಮೇಲೆ ಕಾವಿಗೆ ಕೂರುವ ಕೋಳಿಯಂತೆ ಕೂತಿತು.

ಒಂದೇ ಒಂದು ಅಂಕಿಯಿಂದ ಸೋಲು. ರಾಯರು ಸ್ಪೀಡ್ ಗನ್ನನ್ನು ತಲೆಕೆಳಗು ಮಾಡಿ ನೋಡಿದರು. ರವಿಕಾಂತನ ಮುಖ ಬೇರೆಯೇ ಆಯಿತು. ಅವನು ಬಂದು ರೇವಣಪ್ಪನವರ ಕಾಲು ಮುಟ್ಟಿದ.

"ಕಾಕಾ, ನನಗ ತಿಳೀತು. ದೂರಿಂದ ಬಂದಾನ, ಬರಿಗೈಲೆ ಹೋಗಬಾರ್ದು ಅಂತ ನನಗ ಬಿಟ್ಟುಕೊಟ್ರಿ. ನಾ ಹಂಗ ಮಾತಾಡಬಾರದಿತ್ತು."

"ಇದು ತ್ಯಾಗರೀ!" ಎಂದರು ರಾಯರು. ಅವರಿಗೆ ಈಗ ಎಲ್ಲವೂ ಹೊಳೆಯಿತು; ಆ ಬ್ಯಾಟರಿ, ಆ ಕಣ್ಣೀರು, ಆ ಎಮ್ಮೆ, ಒಂದೊಂದನ್ನೂ ಎಲ್ಲರೆದುರು ಎಣಿಸಿ ಹೇಳಿದರು. "ಗೆಲ್ಲೂ ಶಕ್ತಿ ಇದ್ದೂ ಗೆಲ್ಲದವರು. ಇಷ್ಟ ದಿನಾ ಇವರು ಕೀರ್ತಿಯಿಂದ ದೂರ ನಿಂತಾರ. ಬರೂ ಶ್ರಾವಣಕ್ಕ ಕನ್ನಡ ಸಂಘದಾಗ ಸನ್ಮಾನ ಮಾಡಲೇಬೇಕು. ನಾನ ಮಾತಾಡ್ತೀನಿ." ಅವರ ಮನಸ್ಸಿನಲ್ಲಿ ಭಾಷಣದ ಮೊದಲೆರಡು ಪುಟ ಆಗಲೇ ಸಿದ್ಧವಾಗಿದ್ದವು. ರವಿಕಾಂತ ಫೋನ್ ತೆಗೆದು ಸಂಭಾಜಿನಗರದ ಗೆಳೆಯರಿಗೆ ಮರಾಠಿಯಲ್ಲಿ ಈ ಮಹಾತ್ಮನ ವಿಷಯ ಹೇಳತೊಡಗಿದ. ಕುಕ್ಕರಿನ ಮಾತನ್ನು ಬಿಟ್ಟುಬಿಟ್ಟ.

ಕಾಶಿಬಾಯಿ ಮಾತ್ರ ಕಾಯಿಯನ್ನು ಕೆಳಗಿಳಿಸಿರಲಿಲ್ಲ. ಗಂಡನೆದುರು ಬಂದು ನಿಂತು, ಅವರ ಮುಖವನ್ನೇ ನೋಡಿದರು.

"ರೀ, ಖರೇ ಹೇಳ್ರಿ. ಬ್ಯಾಟರಿ ಅದ, ಗಾಳಿ ಅದ, ಎಮ್ಮಿ ಇಲ್ಲ. ಇನ್ನೊಂದ ಸುತ್ತು ಯಾಕ ಹಾಕಲಿಲ್ಲ?"

ಭಾಷಣ ನಿಂತಿತು, ಫೋನು ನಿಂತಿತು. ರೇವಣಪ್ಪನವರು ಹುಲ್ಲಿನಿಂದ ವಿಮಾನವನ್ನು ಎತ್ತಿಕೊಂಡು, ರೆಕ್ಕೆಗೆ ಮೆತ್ತಿದ್ದ ಕೆಸರನ್ನು ಟವೆಲಿನಿಂದ ಒರೆಸಿದರು.

"ಮುಂದಿನ ಐತ್ವಾರಾನೂ ಬರಬೇಕಲ್ಲ," ಎಂದರು. "ಅದಕ್ಕ."