ರಾಮಾಂಜಿನಪ್ಪನವರ ಎರಡನೆಯ ಪ್ರಶ್ನೆ

ಶ್ರೀ ರಾಮಾಂಜಿನಪ್ಪನವರು ಯಾದಗಿರಿಯನ್ನು ನೋಡಿದವರಲ್ಲ. ಆದರೂ ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಬಳಿಯ ಖಾಸಗಿ ಬಸ್ ಬುಕಿಂಗ್ ಕಚೇರಿಯಲ್ಲಿ ಕುಳಿತು ಮೂವತ್ತೊಂದು ವರ್ಷ ನಮ್ಮ ಜಿಲ್ಲೆಯವರನ್ನು ಊರು ಮುಟ್ಟಿಸಿದ ಅವರು ಈ ಕೆಲಸದಲ್ಲಿ ನಾವು ಕಂಡ ಹಿರಿಯರು.

ಎಲ್ಲಿಗೆ ಎಂದು ಕೇಳಿದರೆ ನಮ್ಮವರೆಲ್ಲ ಯಾದಗಿರಿ ಎನ್ನುತ್ತಾರೆ. ಹಳ್ಳಿಯ ಹೆಸರು ಬೆಂಗಳೂರಿನಲ್ಲಿ ಯಾರಿಗೆ ಗೊತ್ತು? ಆದರೆ ಒಂದು ಬಸ್ಸು ರಾಯಚೂರಿನ ಮೇಲೆ ಯಾದಗಿರಿಗೆ ಹೋಗುತ್ತದೆ, ಇನ್ನೊಂದು ಸುರಪುರದ ಮೇಲೆ ಶಹಾಪುರಕ್ಕೆ. ಹಾಗಾಗಿ ಅವರು, "ಊರಲ್ಲಿ ಯಾವ ಸಂತೆಗೆ ಹೋಗ್ತೀರಮ್ಮಾ?" ಎಂದು ಕೇಳುತ್ತಿದ್ದರು. ಸಂತೆ ತಿಳಿದರೆ ಬಸ್ಸು ತಿಳಿಯುತ್ತಿತ್ತು.

"ಒಮ್ಮಿ ನೀವೂ ಬರ್ರಿ ಯಜಮಾನ್ರ, ನಮ್ಮೂರು ಹೆಂಗೈತಿ ನೋಡೀರಂತ," ಎಂದು ಗಾರೆ ಕೆಲಸದ ಪೀರಪ್ಪ ಛೇಡಿಸುತ್ತಿದ್ದ.

"ನಾನೂ ಹೊರಟ್ರೆ ನಿಮ್ಮನ್ನ ಹತ್ತಿಸೋರ್ ಯಾರಪ್ಪಾ?"

ನಾನು ಪಿಯುಸಿಯಲ್ಲಿದ್ದಾಗ ಒಂದು ಸಂಜೆ ಅಜ್ಜಿ, ಅಂದರೆ ಅವ್ವನ ತಾಯಿ, ತೀರಿಕೊಂಡ ಸುದ್ದಿ ಬಂತು. ಮರುದಿನ ಹತ್ತಕ್ಕೆ ಮಣ್ಣು. ಅವ್ವ ಅಮೃತಮ್ಮ ಕೌಂಟರಿನ ಮುಂದೆ ಅಳುತ್ತಾ ನಿಂತಳು. ಎಂದಿನ ಪ್ರಶ್ನೆ ಬಂತು. "ಶಹಾಪುರ ಸಂತಿ ರೀ ಅಣ್ಣಾರ," ಎಂದಳು. ಹೊರಟಿದ್ದ ಬಸ್ಸನ್ನು ಅವರು ಓಡಿಹೋಗಿ ನಿಲ್ಲಿಸಿ ನಮ್ಮನ್ನು ಹತ್ತಿಸಿದರು.

ಶಹಾಪುರ ಅಪ್ಪನ ಊರಿನ ಸಂತೆ. ಅಜ್ಜಿಯ ಊರು ಯಾದಗಿರಿಯಿಂದಾಚೆ, ಗುರುಮಠಕಲ್ ಸಂತೆಯದು. ರಾಮಾಂಜಿನಪ್ಪನವರು ಸರಿಯಾಗಿಯೇ ಕೇಳಿದ್ದರು. ಅವ್ವ ಹದಿನೆಂಟು ವರ್ಷದಿಂದ ಹೇಳುತ್ತಿದ್ದುದನ್ನೇ ಹೇಳಿದ್ದಳು. ಪಕ್ಕದಲ್ಲೇ ಇದ್ದ ನನಗೆ ಹೊಳೆಯಲಿಲ್ಲ. ತಪ್ಪು ಯಾರದೆಂದು ಇಂದಿಗೂ ಗೊತ್ತಾಗಿಲ್ಲ. ಶಹಾಪುರದಲ್ಲಿಳಿದು ಬಸ್ಸು ಬದಲಿಸುತ್ತಾ ನಾವು ಮುಟ್ಟಿದಾಗ ಮಣ್ಣಾಗಿ ಮೂರು ಗಂಟೆಯಾಗಿತ್ತು.

ಮರಳಿ ಬಂದ ದಿನ ವಿಷಯ ಕೇಳಿ ಅವರು ಕುರ್ಚಿಯಿಂದ ಎದ್ದು ನಿಂತರು. "ತವರಿನ ಸಂತೆ ಕೇಳ್ಬೇಕಿತ್ತಮ್ಮ ನಾನು. ಕೇಳ್ಲಿಲ್ಲ."

"ನಾನರ ಹೇಳಬೇಕಿತ್ತಿಲ್ಲೇನ್ರೀ," ಎಂದಳು ಅವ್ವ.

ಅಂದಿನಿಂದ ಹೆಣ್ಣುಮಕ್ಕಳಿಗೆ ಅವರು ಎರಡನೆಯ ಪ್ರಶ್ನೆಯೊಂದನ್ನು ಕೇಳತೊಡಗಿದರು: "ತವರಿನ ಸಂತೆನೋ, ಗಂಡನ ಮನೆ ಸಂತೆನೋ?"

"ತವರಿಗಂದ್ರ ಸೀರಿ ಉಡಿಸಿ ಕಳಸ್ತೀರೇನ್ರಿ?" ಎಂದು ಟಿಕೆಟ್ಟಿಗೆ ಬಂದಿದ್ದ ಸಾಬಮ್ಮ ನಗಿಸಿದ್ದಳು. ಅವರು ನಗದೆ, ಉತ್ತರ ಬರುವವರೆಗೂ ಟಿಕೆಟ್ ಬರೆಯದೆ ಕಾದರು.

ಆ ಪ್ರಶ್ನೆಯಿಂದ ಎಷ್ಟು ಮಂದಿ ಹೊತ್ತಿಗೆ ಸರಿಯಾಗಿ ತವರು ಮುಟ್ಟಿದರೋ ನಾನರಿಯೆ. ಅದನ್ನು ಹೊಗಳಲು ಕೂತರೆ ಅವ್ವನ ಅಳು ಕೇಳಿಸುತ್ತದೆ. ದೂರಲು ಕೂತರೆ ಬಸ್ಸಿನ ಹಿಂದೆ ಓಡಿದ ಅವರ ಬೆನ್ನು ಕಾಣುತ್ತದೆ. ಶ್ರೀಯುತರು ಆರೋಗ್ಯದಿಂದ ನೂರು ವರ್ಷ ಬಾಳಲಿ. ನಾಳೆ ಆ ಕುರ್ಚಿಯಲ್ಲಿ ಕೂರುವವರಿಗೆ ಎರಡೂ ಪ್ರಶ್ನೆಗಳನ್ನು ಕಲಿಸಿಕೊಡಲಿ. ಎರಡನೆಯದಕ್ಕೆ ನಮ್ಮ ಮನೆಯಿಂದ ಹೋದ ಬೆಲೆ ಮೂರು ಗಂಟೆ, ಅವ್ವ ಕಡೆಯ ಸಲ ನೋಡಲಾಗದ ಒಂದು ಮುಖ.